ಅಂಚಿನಿಂದ ಒಳಕ್ಕೆ: ಮೊದಲ ಕೌದಿ ಹೊಲಿಯುವ ಬಗೆ

ಒಂದರ ಮೇಲೊಂದು ಹಾಸಿದ ಬಟ್ಟೆಯ ಪದರಗಳು, ಅವು ಜಾರದಂತೆ, ಒಗೆದಾಗ ಮುದ್ದೆಯಾಗದಂತೆ ಹಿಡಿದಿಡುವ ಸಾಲು ಸಾಲು ಹೊಲಿಗೆ: ಕೌದಿ ಎಂದರೆ ಇಷ್ಟೇ. ಪದರಗಳ ನಡುವೆ ನಿಂತ ಗಾಳಿ ಮೈಯ ಬಿಸಿಯನ್ನು ಬೇಗ ಹೊರಗೆ ಬಿಡುವುದಿಲ್ಲ, ಬೆಚ್ಚಗಾಗುವುದು ಅದರಿಂದ. ಅಮೆರಿಕದ ಕ್ವಿಲ್ಟ್, ಬಂಗಾಳದ ಕಾಂಥಾ, ಬಿಹಾರದ ಸುಜನಿ, ಮಹಾರಾಷ್ಟ್ರದ ಗೋಧಡಿ ಎಲ್ಲಕ್ಕೂ ಬುಡ ಒಂದೇ. ಯಾವ ಬಟ್ಟೆ, ಎಷ್ಟು ಅಳತೆ, ಹೊಲಿಗೆ ಎಲ್ಲಿಂದ ಶುರು ಎಂಬಲ್ಲಿ ಮಾತ್ರ ಒಂದೊಂದು ನಾಡು ಒಂದೊಂದು ದಾರಿ ಹಿಡಿದಿದೆ.

ಈಗ ಕಲಿಯಲು ಹೊರಟವರು ಬಹಳ ಸಲ ಮೊಬೈಲಿನಲ್ಲಿ ಹೊರದೇಶದ ವಿಡಿಯೋ ನೋಡಿ ಶುರು ಮಾಡುತ್ತಾರೆ. ಉರುಳುವ ಚಕ್ರದ ಕತ್ತರಿ, ಅದರಡಿಗೆ ಹಾಸುವ ಮ್ಯಾಟು, ಪಾರದರ್ಶಕ ಸ್ಕೇಲು, ನಡುವೆ ಹಾಕುವ ಪಾಲಿಯೆಸ್ಟರ್ ಹಾಳೆ, ಹೊಚ್ಚ ಹೊಸ ಬಟ್ಟೆ ಎಲ್ಲ ಬರುತ್ತವೆ. ಆಮೇಲೆ ಕಾಲು ಇಂಚಿನ ಲೆಕ್ಕ ತಪ್ಪಿ ಮೂಲೆಗೆ ಮೂಲೆ ಕೂಡುವುದಿಲ್ಲ, ಕೆಲಸ ಅರ್ಧಕ್ಕೆ ನಿಂತು ಚೀಲ ಸೇರುತ್ತದೆ. ಇದು ಕಲಿಯುವವರ ಸೋಲಲ್ಲ. ಅಳತೆಯ ಮೇಲೆ ನಿಂತ ಕೆಲಸವನ್ನು ಕೈ ಪಳಗುವ ಮೊದಲೇ ಹಿಡಿದರೆ ಯಾರಿಗಾದರೂ ಹೀಗೇ ಆಗುತ್ತದೆ. ಮೊದಲ ಕೆಲಸ ಕೌದಿಯಾಗಿರಲಿ ಎನ್ನುವುದು ನನ್ನ ಮಾತು. ಹಳೆಯ ಹತ್ತಿ ಸೀರೆಯಲ್ಲಿ, ಕೈಹೊಲಿಗೆಯಲ್ಲಿ, ಅಂಚಿನಿಂದ ಶುರುವಾಗಿ ಒಳಕ್ಕೆ ಸಾಗುವ ನಮ್ಮ ನಾಡಿನ ಕ್ರಮದಲ್ಲಿ. ಇಲ್ಲಿ ತುಂಡು ಅರ್ಧ ಇಂಚು ಹೆಚ್ಚು ಕಡಿಮೆಯಾದರೂ ಕೌದಿ ಕೆಡುವುದಿಲ್ಲ.

ಬೆಂಗಳೂರಿನ ಯಶವಂತಪುರದಲ್ಲಿ ಇರುವವರಿಗೆ ಇದನ್ನು ಕಲಿಯುವುದು ಇನ್ನೂ ಸುಲಭ. ಉತ್ತರ ಕರ್ನಾಟಕದ ಕಡೆಯ ರೈಲುಗಳಿಗೆ ಇದು ದೊಡ್ಡ ನಿಲ್ದಾಣ. ಹುಬ್ಬಳ್ಳಿ, ಗದಗ, ವಿಜಯಪುರದ ಸೀಮೆಯಿಂದ ಬಂದು ನೆಲೆಸಿದ ಮನೆಗಳು ಈ ಸುತ್ತಿನಲ್ಲಿ ಬೇಕಾದಷ್ಟಿವೆ. ಅಂಥ ಮನೆಯ ಅಟ್ಟದ ಮೇಲೋ ಮಂಚದ ಕೆಳಗೋ ಅಜ್ಜಿ ಹೊಲಿದ ಕೌದಿ ಒಂದಾದರೂ ಮಡಿಸಿ ಇಟ್ಟಿರುತ್ತಾರೆ. ಕೇಳಿದರೆ ಬಿಚ್ಚಿ ತೋರಿಸುತ್ತಾರೆ. ಹಿಂಬದಿ ತಿರುವಿ ನೋಡಿ, ಹೊಲಿಗೆಯ ಸಾಲು ಹೇಗೆ ಸುತ್ತಿ ಬಂದಿದೆ ಎಂಬುದು ಅಲ್ಲಿ ಕಾಣುತ್ತದೆ. ಇನ್ನೊಂದು ಕಡೆ ಗೊರಗುಂಟೆಪಾಳ್ಯ, ಪೀಣ್ಯ, ತುಮಕೂರು ರಸ್ತೆಯ ಗಾರ್ಮೆಂಟ್ಸ್ ಕಾರ್ಖಾನೆಗಳಿವೆ. ಅಲ್ಲಿ ದುಡಿಯುವ ಅಥವಾ ದುಡಿದು ಬಿಟ್ಟ ಹೆಂಗಸರು ನಿಮ್ಮ ಬೀದಿಯಲ್ಲೇ ಇರುತ್ತಾರೆ. ಯಂತ್ರದ ಟೆನ್ಷನ್ ಯಾಕೆ ಕೆಟ್ಟಿತು, ದಾರ ಯಾಕೆ ಕಡಿಯುತ್ತದೆ ಎಂಬುದನ್ನು ಯಾವ ವಿಡಿಯೋಗಿಂತಲೂ ಚೆನ್ನಾಗಿ ಅವರು ಕೂತು ತೋರಿಸಬಲ್ಲರು. ಕೇಳಲು ಸಂಕೋಚ ಬೇಡ.

ಕೌದಿ ಬಲ್ಲ ಕೈಗಳು

ಉತ್ತರ ಕರ್ನಾಟಕದಲ್ಲಿ ಗೊಂದಲಿಗ ಸಮುದಾಯದ ಹೆಂಗಸರು ಊರೂರು ತಿರುಗಿ, ಮನೆಯವರು ಕೊಟ್ಟ ಹಳೆಯ ಸೀರೆ, ಧೋತರಗಳನ್ನು ಕಟ್ಟೆಯ ಮೇಲೆ ಹಾಸಿಕೊಂಡು ಕೌದಿ ಹೊಲಿದುಕೊಡುತ್ತಾ ಬಂದಿದ್ದಾರೆ. ಚೌಕಟ್ಟಿಲ್ಲ, ಮೇಜಿಲ್ಲ. ಕೌದಿ ನೆಲದ ಮೇಲೆ, ಹೊಲಿಯುವವರು ಅದರ ಮೇಲೇ.

ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ತಾಲ್ಲೂಕುಗಳಲ್ಲಿ ಸಿದ್ದಿ ಹೆಂಗಸರ ಕೌದಿಗೆ ತನ್ನದೇ ಚಹರೆಯಿದೆ. ಆಫ್ರಿಕಾದ ಮೂಲದ ಈ ಜನರ ಕೌದಿ ಒಂದು ಮೂಲೆಯಿಂದ ಹೊರಟು ಅಂಚಿನುದ್ದಕ್ಕೂ ಸುತ್ತುತ್ತಾ ನಡುವಿನಲ್ಲಿ ಮುಗಿಯುತ್ತದೆ. ನಾಲ್ಕು ಮೂಲೆಗೂ ಬಟ್ಟೆಯನ್ನು ತ್ರಿಕೋನವಾಗಿ ಮಡಿಸಿ ಸಿಕ್ಕಿಸಿದ ಫೂಲಾ ಇರುತ್ತದೆ. ಅದಿಲ್ಲದ ಕೌದಿ ಅವರ ಕಣ್ಣಿಗೆ ಬತ್ತಲೆ. ಕ್ರೈಸ್ತ ಸಿದ್ದಿಗಳ ಕೌದಿಯಲ್ಲಿ ಶಿಲುಬೆ, ಮುಸ್ಲಿಂ ಸಿದ್ದಿಗಳದರಲ್ಲಿ ಅರ್ಧಚಂದ್ರ ಕಾಣಿಸುವುದೂ ಉಂಟು. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ 2004ರಲ್ಲಿ ಈ ಹೆಂಗಸರು ಸಹಕಾರ ಸಂಘ ಕಟ್ಟಿಕೊಳ್ಳಲು ನೆರವಾದರು. 2011ರಲ್ಲಿ ನ್ಯೂಯಾರ್ಕಿನ ಶೋಂಬರ್ಗ್ ಕೇಂದ್ರದಲ್ಲಿ ಇವರ ಕೌದಿಗಳ ಪ್ರದರ್ಶನ ನಡೆಯಿತು. ಇವತ್ತು ಹೊರದೇಶದ ಕ್ವಿಲ್ಟ್ ಕಲಿಯುವವರು ಸಿದ್ದಿಗಳ ಕ್ರಮವನ್ನು ಹೆಸರು ಹಿಡಿದು ಕಲಿಯುತ್ತಿರುವಾಗ ಬೆಂಗಳೂರಿನಲ್ಲಿ ಕೂತ ನಾವು ಅದನ್ನು ಬಿಟ್ಟು ಬೇರೆಡೆ ಹುಡುಕಬೇಕಿಲ್ಲ. ಮುಂದೆ ಹೇಳುವ ವಿಧಾನ ಬಹುಪಾಲು ಸಿದ್ದಿ ಹೆಂಗಸರದೇ.

ಬಟ್ಟೆ ಆರಿಸುವುದು

ಹತ್ತಿಯೇ ಬೇಕು. ಒಗೆದು ಒಗೆದು ಮೆತ್ತಗಾದ ಹತ್ತಿ ಸೀರೆಗೆ ಸೂಜಿ ಬೆಣ್ಣೆಗಿಳಿದಂತೆ ಇಳಿಯುತ್ತದೆ. ಹೊಸ ಬಟ್ಟೆಯ ಗಂಜಿ ಸೂಜಿಯನ್ನು ತಡೆಯುತ್ತದೆ, ಬಟ್ಟೆಯೂ ಮೊದಲ ಒಗೆತಕ್ಕೇ ಕುಗ್ಗುತ್ತದೆ. ಹತ್ತಿಯೋ ಅಲ್ಲವೋ ಗೊತ್ತಾಗದಿದ್ದರೆ ನಾಲ್ಕು ಎಳೆ ಕಿತ್ತು, ಬಚ್ಚಲಲ್ಲಿ ಚಿಮಟದಿಂದ ಹಿಡಿದು ಬೆಂಕಿ ತಾಗಿಸಿ. ಹತ್ತಿ ಕಾಗದದ ಹಾಗೆ ಉರಿದು ಮೆತ್ತನೆಯ ಬೂದಿಯಾಗುತ್ತದೆ. ಪಾಲಿಯೆಸ್ಟರ್ ಮುದುಡಿ ಕರಗಿ ಗಟ್ಟಿ ಮಣಿಯಂತಾಗುತ್ತದೆ. ಎರಡೂ ಬೆರೆತ ಬಟ್ಟೆಯಲ್ಲಿ ಎರಡೂ ಲಕ್ಷಣ ಕಾಣುತ್ತವೆ. ಅಂಥದ್ದನ್ನು ಮೇಲಿನ ತೇಪೆಗೆ ಒಂದೆರಡು ಹಾಕಬಹುದು, ಒಳಪದರಕ್ಕೆ ಬೇಡ.

ಇಳಕಲ್ ಸೀರೆ ಇದ್ದರೆ ಸ್ವಲ್ಪ ನಿಗಾ ಇರಲಿ. ಒಡಲು ಹತ್ತಿಯದಾದರೂ ಸೆರಗು ರೇಷ್ಮೆಯದೋ ಕೃತಕ ರೇಷ್ಮೆಯದೋ ಇರುತ್ತದೆ. ಎರಡೂ ಒಂದೇ ಪ್ರಮಾಣದಲ್ಲಿ ಕುಗ್ಗುವುದಿಲ್ಲ, ಹಾಗಾಗಿ ಸೆರಗನ್ನು ಬಿಡಿಸಿ ತೇಪೆಗೆ ಇಟ್ಟುಕೊಳ್ಳಿ. ಗುಳೇದಗುಡ್ಡದ ಖಣದ ಚೂರುಗಳು ಮೂಲೆಗೆ, ನಡುವಿನ ಚೌಕಕ್ಕೆ ಬಹಳ ಚಂದ.

ಯಾವ ಬಟ್ಟೆಯನ್ನೂ ಕತ್ತರಿಸುವ ಮೊದಲು ಒಗೆದು ಒಣಗಿಸಿ. ಕೆಂಪು, ಕಪ್ಪು, ಕಡುನೀಲಿ ಬಟ್ಟೆಗಳನ್ನು ಒದ್ದೆ ಬಿಳಿ ವಸ್ತ್ರದಿಂದ ಉಜ್ಜಿ ನೋಡಿ. ಬಣ್ಣ ಹತ್ತಿದರೆ ಮತ್ತೆ ಮತ್ತೆ ಒಗೆಯಬೇಕು, ಆಗಲೂ ನಿಲ್ಲದಿದ್ದರೆ ಆ ಬಟ್ಟೆ ಬೇಡ. ಉಪ್ಪುನೀರಿನಲ್ಲಿ ನೆನೆಸಿದರೆ ಬಣ್ಣ ಕಚ್ಚಿಕೊಳ್ಳುತ್ತದೆ ಎಂದು ಎಲ್ಲ ಮನೆಯಲ್ಲೂ ಹೇಳುತ್ತಾರೆ. ಬಣ್ಣ ಹಾಕುವಾಗ ಉಪ್ಪಿಗೆ ಕೆಲಸವಿದೆ ನಿಜ, ಆದರೆ ಹಾಕಿಯಾದ ಮೇಲೆ ಬಿಡುವ ಬಣ್ಣವನ್ನು ಅದು ಹಿಡಿದಿಡುತ್ತದೆ ಎಂದು ನಂಬುವಂತಿಲ್ಲ.

ಹಾಸು ಹೊಕ್ಕಿನ ದಿಕ್ಕನ್ನೂ ಗಮನಿಸಬೇಕು. ಬಟ್ಟೆಯನ್ನು ಉದ್ದಕ್ಕೋ ಅಡ್ಡಕ್ಕೋ ಎಳೆದರೆ ಅಷ್ಟಾಗಿ ಜಗ್ಗುವುದಿಲ್ಲ, ಓರೆಯಾಗಿ ಎಳೆದರೆ ಜಗ್ಗುತ್ತದೆ. ಓರೆಯಾಗಿ ಕತ್ತರಿಸಿದ ತುಂಡು ಹೊಲಿಯುವಾಗ ಕೈಯಡಿಯಲ್ಲೇ ಬೆಳೆಯುತ್ತದೆ, ಸುಕ್ಕು ಬೀಳುತ್ತದೆ. ಹಳೆಯ ಹತ್ತಿ ಬಟ್ಟೆಯ ಅಂಚಿಗೆ ಕತ್ತರಿಯಿಂದ ಸಣ್ಣ ಕಚ್ಚು ಕೊಟ್ಟು ಕೈಯಿಂದ ಪರ್ರನೆ ಹರಿದರೆ ಅದು ಎಳೆಯ ದಾರಿ ಹಿಡಿದು ನೇರವಾಗಿ ಹರಿಯುತ್ತದೆ. ಸ್ಕೇಲೂ ಬೇಡ, ಚಾಕೂ ಬೇಡ.

ಮನೆಯ ಬಟ್ಟೆ ಸಾಲದೆ ಬಂದರೆ ಯಶವಂತಪುರದಿಂದ ಹಸಿರು ಮಾರ್ಗದ ಮೆಟ್ರೋ ಎಲ್ಲೂ ಬದಲಿಸದೆ ಚಿಕ್ಕಪೇಟೆಗೆ ಒಯ್ಯುತ್ತದೆ. ಅಲ್ಲಿಯ ಗಲ್ಲಿಗಳಲ್ಲಿ, ಅವೆನ್ಯೂ ರಸ್ತೆಯ ಸುತ್ತಮುತ್ತ ಹತ್ತಿಯ ಲೈನಿಂಗ್ ಬಟ್ಟೆ, ಕಟ್ ಪೀಸು, ದಾರ, ಸೂಜಿ ಎಲ್ಲ ಸಿಗುತ್ತವೆ. ಆದರೂ ಬೀದಿಯ ಬ್ಲೌಸ್ ಹೊಲಿಯುವವರನ್ನು ಮೊದಲು ಕೇಳುವುದು ಮೇಲು. ಅವರ ಮೂಲೆಯ ಗೋಣಿಯಲ್ಲಿ ತುಂಬಿದ ಬಿಟ್ಟುಗಳೇ ಒಂದು ಕೌದಿಗೆ ಸಾಕಾದೀತು.

ಸೂಜಿ, ದಾರ, ಮತ್ತು ಒಂದು ಸಣ್ಣ ಅಭ್ಯಾಸ

ಕೈಸೂಜಿಯ ನಂಬರು ಹೆಚ್ಚಾದಷ್ಟೂ ಸೂಜಿ ಸಣ್ಣ. ಕೌದಿಗೆ ಸ್ವಲ್ಪ ಉದ್ದ, ದಪ್ಪ ಕಣ್ಣಿನ ಗಟ್ಟಿ ಸೂಜಿ ಬೇಕು. ದಾರ ಹತ್ತಿಯದು, ಯಂತ್ರದ ದಾರಕ್ಕಿಂತ ದಪ್ಪ. ಸಿಗದಿದ್ದರೆ ಯಂತ್ರದ ದಾರವನ್ನೇ ಜೋಡಿ ಎಳೆ ಮಾಡಿ. ಒಂದು ಸಲಕ್ಕೆ ಒಂದು ಮೊಳ, ಹೆಚ್ಚೆಂದರೆ ಒಂದೂವರೆ ಮೊಳಕ್ಕಿಂತ ಉದ್ದ ಪೋಣಿಸಬೇಡಿ. ಮತ್ತೆ ಮತ್ತೆ ಪೋಣಿಸುವುದು ತಪ್ಪಲಿ ಎಂದು ಎಲ್ಲರೂ ಉದ್ದ ಎಳೆಯುತ್ತಾರೆ. ಬಟ್ಟೆಯ ಮೂಲಕ ನೂರಾರು ಸಲ ಎಳೆದಾಡಿದ ದಾರ ಸವೆದು ನಾರಾಗುತ್ತದೆ, ಗಂಟು ಬೀಳುತ್ತದೆ. ಜೇನುಮೇಣದ ತುಂಡಿನ ಮೇಲೆ ದಾರವನ್ನು ಒಮ್ಮೆ ಎಳೆದುಕೊಂಡರೆ ಸಿಕ್ಕು ಕಡಿಮೆ.

ನಡುಬೆರಳಿಗೆ ದರ್ಜಿಗಳು ಹಾಕುವ ಅಂಗುಸ್ತಾನ ಮೊದಲ ದಿನ ತೊಡಕೆನಿಸುತ್ತದೆ. ಹಾಗೆಂದು ಬಿಡಬೇಡಿ. ನಾಲ್ಕೈದು ಪದರದ ಮೂಲಕ ಸೂಜಿಯನ್ನು ತಳ್ಳುವುದು ಬೆರಳ ತುದಿಯ ಕೆಲಸ, ಅಂಗುಸ್ತಾನ ಇಲ್ಲದೆ ಆ ಬೆರಳು ಒಂದು ಸಂಜೆಗೇ ತೂತಾಗುತ್ತದೆ.

ಹೊಲಿಗೆ ಒಂದೇ: ಮೇಲೆ ಕೆಳಗೆ, ಮೇಲೆ ಕೆಳಗೆ ಓಡುವ ಹೊಲಿಗೆ, ಹೊಲಿಗೆ ತರಗತಿಗಳಲ್ಲಿ ರನ್ನಿಂಗ್ ಸ್ಟಿಚ್ ಎನ್ನುವುದು. ಧಾರವಾಡದ ಕಸೂತಿಯ ನಾಲ್ಕು ಹೊಲಿಗೆಗಳಲ್ಲಿ ನೇಯ್ಗಿ ಎಂಬುದೂ ಇದೇ ಜಾತಿಯದು. ಇಂಚಿಗೆ ಐದು ಟಾಕಿ ಬಂದರೆ ಕೌದಿಗೆ ಚೆನ್ನಾಯಿತು. ಸಣ್ಣದಾಗಿರುವುದಕ್ಕಿಂತ ಒಂದೇ ಸಮ ಇರುವುದು ಮುಖ್ಯ, ಸಮತೆ ಕೈ ಪಳಗಿದಂತೆ ತಾನೇ ಬರುತ್ತದೆ. ಸೂಜಿಯ ಮೇಲೆ ಮೂರು ನಾಲ್ಕು ಟಾಕಿ ತುಂಬಿಕೊಂಡು ಒಮ್ಮೆಗೇ ಎಳೆಯಿರಿ. ಪ್ರತಿ ಸಲ ಎಳೆದಾಗ ಅಂಗೈಯಿಂದ ಹೊಲಿಗೆಯ ಮೇಲೆ ಸವರಿ. ಬಟ್ಟೆ ನೆರಿಗೆಗಟ್ಟಿದ್ದರೆ ಆಗಲೇ ಸಡಿಲವಾಗುತ್ತದೆ.

ಕೈ ನೋಡಿಕೊಳ್ಳಲು ಬಿಸಿ ಪಾತ್ರೆ ಹಿಡಿಯುವ ಬಟ್ಟೆ ಒಳ್ಳೆಯ ಅಭ್ಯಾಸ. ಎಂಟು ಇಂಚಿನ ಚೌಕ, ಒಳಗೆ ಹಳೆಯ ಟವೆಲಿನ ಎರಡು ಪದರ, ಹೊರಗೆ ಹತ್ತಿ. ಇಲ್ಲಿ ಪಾಲಿಯೆಸ್ಟರಿನ ಒಂದೆಳೆಯೂ ಬೇಡ, ಬಿಸಿಗೆ ಕರಗಿ ಕೈಗೆ ಅಂಟುತ್ತದೆ. ಒಂದು ಜೊತೆ ಮುಗಿಸುವ ಹೊತ್ತಿಗೆ ದಾರ ಎಷ್ಟು ಬಿಗಿ ಎಳೆಯಬೇಕು ಎಂಬುದು ಬೆರಳಿಗೆ ಗೊತ್ತಾಗಿರುತ್ತದೆ.

ತೊಟ್ಟಿಲ ಕೌದಿ

ಮೊದಲ ನಿಜವಾದ ಕೌದಿ ಕೂಸಿಗೆ ಹಾಸುವಷ್ಟಿರಲಿ. ಅಡಿಬಟ್ಟೆಯನ್ನು 38 ಇಂಚು ಉದ್ದ, 32 ಇಂಚು ಅಗಲಕ್ಕೆ ಹರಿಯಿರಿ. ಸುತ್ತ ಅರ್ಧ ಇಂಚು ಮಡಿಸಿ, ಹೊಲಿಯುತ್ತಾ ಹೋದಂತೆ ಎಲ್ಲ ಕಡೆಯೂ ತುಸು ಕುಗ್ಗಿ, ಕೊನೆಗೆ ಸುಮಾರು 36 ಇಂಚಿಗೆ 30 ಇಂಚು ಉಳಿಯುತ್ತದೆ. ಒಳಗೆ ಹಳೆಯ ಸೀರೆಯ ಎರಡು ಪದರ ಇರಲಿ, ಅವು ಮಡಿಕೆಯೊಳಗೆ ಕೂರುವಂತೆ ಸ್ವಲ್ಪ ಸಣ್ಣದಿರಲಿ. ಮೇಲಿನ ತೇಪೆಗಳು ಅಂಗೈ ಅಗಲದಿಂದ ಗೇಣಿನಷ್ಟು ದೊಡ್ಡದಿದ್ದರೆ ಕೆಲಸ ಸಾಗುತ್ತದೆ. ಚೌಕ, ಆಯತ ಯಾವುದೂ ಆಗಬಹುದು, ಎಲ್ಲ ಒಂದೇ ಅಳತೆ ಇರಬೇಕಿಲ್ಲ. ತೀರಾ ಚಿಕ್ಕ ಚೂರುಗಳು ಮೊದಲ ಸಲಕ್ಕೆ ಬೇಡ, ಮಡಿಕೆಗಳೇ ದಪ್ಪವಾಗಿ ಸೂಜಿ ಇಳಿಯದು.

ಅಡಿಬಟ್ಟೆಯನ್ನು ಒಳಮೈ ಮೇಲೆ ಮಾಡಿ ನೆಲಕ್ಕೆ ಹಾಸಿ, ಒಳಪದರಗಳನ್ನು ಅದರ ಮೇಲೆ ಸುಕ್ಕಿಲ್ಲದೆ ಹರಡಿ, ಅಡಿಬಟ್ಟೆಯ ಅಂಚನ್ನು ಅರ್ಧ ಇಂಚು ಒಳಕ್ಕೆ ಮಡಿಸಿ. ಇಸ್ತ್ರಿ ಮಾಡಿದರೆ ಮಡಿಕೆ ಕೂರುತ್ತದೆ. ಪದರಗಳು ಸರಿಯದಂತೆ ಅಲ್ಲಲ್ಲಿ ಪಿನ್ನು, ಅಥವಾ ಎರಡು ಮೂರು ಇಂಚು ಉದ್ದದ ಕಚ್ಚಾ ಹೊಲಿಗೆ ಹಾಕಿ. ಕೊನೆಗೆ ಅದನ್ನು ಬಿಚ್ಚುತ್ತೀರಿ.

ನಿಮ್ಮ ಮುಂದಿರುವ ಅಂಚಿನ ಬಲಮೂಲೆಯಿಂದ ಶುರು ಮಾಡಿ. ಎಡಗೈಯವರಿಗೆ ಎಲ್ಲವೂ ತಿರುಗುಮುರುಗು. ಮೊದಲ ತೇಪೆಯ ಹೊರಗಿನ ಎರಡು ಬದಿಯನ್ನೂ ಅರ್ಧ ಇಂಚು ಒಳಕ್ಕೆ ಮಡಿಸಿ, ಅಡಿಬಟ್ಟೆಯ ಮಡಿಕೆಗೆ ಸಮನಾಗಿ ಕೂರಿಸಿ. ಫೂಲಾ ಹಾಕುವ ಆಸೆಯಿದ್ದರೆ ಮೂರು ಇಂಚಿನ ಚೌಕವನ್ನು ಮೂಲೆಯಿಂದ ಮೂಲೆಗೆ ಎರಡು ಸಲ ಮಡಿಸಿ ತ್ರಿಕೋನ ಮಾಡಿ, ಚೂಪು ತುದಿ ಹೊರಗೆ ಬರುವಂತೆ ತೇಪೆಗೂ ಅಡಿಬಟ್ಟೆಗೂ ನಡುವೆ ಈಗಲೇ ಸಿಕ್ಕಿಸಬೇಕು. ಆಮೇಲೆ ಜಾಗವಿರುವುದಿಲ್ಲ. ದಾರದ ಗಂಟನ್ನು ಪದರಗಳ ನಡುವೆ ಅಡಗಿಸಿ, ಅಂಚಿಗೆ ತೀರಾ ಹತ್ತಿರದಲ್ಲಿ ಎರಡೂ ಮಡಿಕೆಗಳನ್ನು ಹಿಡಿಯುವಂತೆ ಬಲದಿಂದ ಎಡಕ್ಕೆ ಹೊಲಿಯುತ್ತಾ ಹೋಗಿ. ಈ ಮೊದಲ ಸಾಲೇ ಕೌದಿಯ ಅಂಚು. ಕ್ವಿಲ್ಟ್ ಕಲಿಯುವವರನ್ನು ಹೆಚ್ಚು ಕಾಡುವುದು ಕೊನೆಯಲ್ಲಿ ಸುತ್ತಲೂ ಪಟ್ಟಿ ಕಟ್ಟಿ ಮೂಲೆ ತಿರುಗಿಸುವ ಕೆಲಸ. ನಮ್ಮ ಕ್ರಮದಲ್ಲಿ ಅದು ಶುರುವಿನಲ್ಲೇ ಮುಗಿದುಹೋಗುತ್ತದೆ.

ತೇಪೆ ಮುಗಿಯುವ ಮೊದಲು ಮುಂದಿನದನ್ನು ಇಡಿ. ಅದರ ಹೊರಬದಿಯನ್ನು ಮಡಿಸಿ ಅಂಚಿಗೆ ಸೇರಿಸಿ, ಬಲಬದಿಯನ್ನೂ ಮಡಿಸಿ ಹಿಂದಿನ ತೇಪೆಯ ಹಸಿ ಅಂಚಿನ ಮೇಲೆ ಅರ್ಧ ಇಂಚು ಹತ್ತಿಸಿ. ಎಡಬದಿ, ಒಳಬದಿ ಹಾಗೇ ಇರಲಿ, ಅವನ್ನು ಮುಂದೆ ಬರುವ ತೇಪೆ ಮುಚ್ಚುತ್ತದೆ. ಮೂಲೆಗೆ ಬಂದಾಗ ನೀವು ಏಳಬೇಕಿಲ್ಲ, ಕೌದಿಯನ್ನೇ ತಿರುಗಿಸಿ ಎಡಬದಿಯನ್ನು ನಿಮ್ಮ ಮುಂದಕ್ಕೆ ತನ್ನಿ. ಈಗ ತಲುಪಿದ ಮೂಲೆ ಬಲಮೂಲೆಯಾಗಿ ಮತ್ತೆ ಬಲದಿಂದ ಎಡಕ್ಕೇ ಹೊಲಿಗೆ ಸಾಗುತ್ತದೆ.

ಒಂದು ಸುತ್ತು ಬಂದ ಮೇಲೆ ದಾರ ಕಡಿಯದೆ ಒಂದು ಬೆರಳಗಲ ಒಳಕ್ಕೆ ಸರಿದು ಎರಡನೇ ಸುತ್ತು ಶುರು. ಅಂಚಿನ ತೇಪೆಗಳ ಅಗಲ ಹೊಲಿಗೆಯಿಂದ ತುಂಬುತ್ತಾ ಬಂದಂತೆ ಒಳಸಾಲಿನ ತೇಪೆಗಳನ್ನು ಇಡಿ, ಹೊರಬದಿ ಮತ್ತು ಬಲಬದಿ ಮಡಿಸಿ ಹಿಂದಿನವುಗಳ ಮೇಲೆ ಹತ್ತಿಸಿ. ಹೀಗೆ ಸುತ್ತು ಚಿಕ್ಕದಾಗುತ್ತಾ ನಡುವಿಗೆ ಬರುತ್ತದೆ. ಕೊನೆಯ ತುಂಡಿಗೆ ಮಾತ್ರ ನಾಲ್ಕೂ ಬದಿ ಮಡಿಕೆ. ಬಣ್ಣಗಳನ್ನು ಮೊದಲೇ ಪೂರ್ತಿ ಜೋಡಿಸಿ ನೋಡುವುದು ಇಷ್ಟವಾದರೆ ನೋಡಿ. ಆದರೆ ಕೈಗೆ ಸಿಕ್ಕ ತುಂಡನ್ನು ಪಕ್ಕದ ಬಣ್ಣಕ್ಕೆ ಹೊಂದಿಸುತ್ತಾ ಹೋದ ಕೌದಿಗಳೇ ನನ್ನ ಕಣ್ಣಿಗೆ ಹೆಚ್ಚು ಜೀವಂತ.

ತೊಂದರೆ ಒಂದು ಖಂಡಿತ ಬರುತ್ತದೆ. ಹೊಲಿಗೆ ಒಳಕ್ಕೆ ಸಾಗಿದಂತೆ ಪದರಗಳ ಸಡಿಲವೆಲ್ಲ ನಡುವಿಗೆ ತಳ್ಳಲ್ಪಟ್ಟು ಅಲ್ಲಿ ಉಬ್ಬಿ ನಿಲ್ಲುತ್ತದೆ. ಪ್ರತಿ ಸುತ್ತಿಗೊಮ್ಮೆ ಕೌದಿ ತಿರುವಿ ಹಿಂಬದಿಯನ್ನು ಸವರಿ ನೋಡಿದರೆ ಇದು ಬೇಗ ಗೊತ್ತಾಗುತ್ತದೆ. ಒಳಪದರದಲ್ಲಿ ಉಬ್ಬಿದ್ದರೆ ಸಣ್ಣ ನೆರಿಗೆ ಮಡಿಸಿ ಮೇಲೆ ತೇಪೆ ಹಾಕಿಬಿಡಿ, ಕಾಣುವುದಿಲ್ಲ. ಅಡಿಬಟ್ಟೆಯಲ್ಲೇ ಉಬ್ಬಿದ್ದರೆ ದಾರ ಬಿಗಿ ಎಳೆಯುತ್ತಿದ್ದೀರಿ ಎಂದರ್ಥ, ಮುಂದಿನ ಸುತ್ತಿನಲ್ಲಿ ಸಡಿಲಿಸಿ. ಹೊಲಿಗೆಯ ಸಾಲಿಗೆ ಅಡ್ಡ ಬರುವ ಮಡಿಕೆಗಳು ಎರಡು ಸಾಲಿನ ನಡುವೆ ಬಾಯಿ ಬಿಡುತ್ತಿದ್ದರೆ ಆ ಮಡಿಕೆಯುದ್ದಕ್ಕೂ ಒಂದು ಸಾಲು ಹೆಚ್ಚಿಗೆ ಹಾಕಿ, ಕೂಸಿನ ಬೆರಳು ಅದರೊಳಗೆ ಸಿಕ್ಕಿಕೊಳ್ಳಬಾರದು.

ಪಿನ್ನುಗಳನ್ನು ಹಾಕುವಾಗ ಎಣಿಸಿಟ್ಟುಕೊಂಡು ತೆಗೆಯುವಾಗ ಮತ್ತೆ ಎಣಿಸಿ, ಒಂದೂ ಒಳಗೆ ಉಳಿಯಕೂಡದು. ಎಳೆಗೂಸಿಗೆ ಈ ಕೌದಿ ಕೆಳಗೆ ಬಿಗಿಯಾಗಿ ಹಾಸಲು, ಆಟಕ್ಕೆ ಮಲಗಿಸಲು ಇರಲಿ. ಮಲಗಿದ ಕೂಸಿನ ಮೇಲೆ ಸಡಿಲವಾಗಿ ಹೊದಿಸಬೇಡಿ, ಮುಖದ ಮೇಲೆ ಸರಿದರೆ ಅಪಾಯ. ಕೂಸಿನ ಕೌದಿಗೆ ಮಣಿ, ಗುಂಡಿ ಕೂಡ ಬೇಡ.

ಒಂದು ಸೀರೆಯ ಲೆಕ್ಕ

ದೊಡ್ಡವರ ಕೌದಿಗೆ ಸೀರೆಯ ಅಳತೆಯೇ ಹೊಂದಿಬರುತ್ತದೆ. ಐದೂವರೆ ಮೀಟರ್ ಎಂದರೆ 18 ಅಡಿ. ಮೂರು ಪಾಲು ಮಾಡಿದರೆ ಆರಾರು ಅಡಿ. ಸೀರೆಯ ಅಗಲ ಸುಮಾರು 45 ಇಂಚು. ಅಂದರೆ ಒಂದೇ ಸೀರೆಯಲ್ಲಿ ಒಬ್ಬರು ಹೊದೆಯುವಷ್ಟು ಅಗಲದ ಮೂರು ಪದರ ಸಿಗುತ್ತದೆ. ಎರಡು ಒಳಕ್ಕೆ, ಒಂದು ಅಡಿಗೆ. ಮೇಲೆ ತೇಪೆ. ಡಿಸೆಂಬರ್, ಜನವರಿಯಲ್ಲಿ ಬೆಂಗಳೂರಿನ ರಾತ್ರಿ 15 ಡಿಗ್ರಿಯ ಸುತ್ತ ಇಳಿಯುತ್ತದೆ, ಆ ಚಳಿಗೆ ನಾಲ್ಕು ಪದರದ ಹತ್ತಿ ಸರಿಯಾಗಿ ಒಪ್ಪುತ್ತದೆ. ಅಂಗಡಿಯವರು ಕೊಡುವ ಪಾಲಿಯೆಸ್ಟರ್ ಹಾಳೆ ಈ ಊರಿಗೆ ಬೇಡ, ಬೆವರು ಹೀರುವುದಿಲ್ಲ. ಬಿಡಿ ಹತ್ತಿ ತುಂಬುವುದೂ ಮೊದಲ ಸಲಕ್ಕೆ ಬೇಡ. ಹೊಲಿಗೆ ಒತ್ತಾಗಿರದಿದ್ದರೆ ಒಗೆದಾಗ ಹತ್ತಿ ಉಂಡೆ ಕಟ್ಟಿ ಒಂದು ಮೂಲೆಗೆ ಸೇರುತ್ತದೆ.

ಈ ಕೌದಿಗೆ ಇಂಚಿಗೊಂದು ಸಾಲಿನಂತೆ ಉದ್ದಕ್ಕೆ ಹೊಲಿದರೆ 45 ಸಾಲು, ಒಂದೊಂದೂ ಆರು ಅಡಿ. ಒಟ್ಟು 270 ಅಡಿ ಹೊಲಿಗೆ. ಇಂಚಿಗೆ ಐದು ಟಾಕಿಯಂತೆ 16,200 ಟಾಕಿ. ಸುತ್ತಿ ಸುತ್ತಿ ಹೊಲಿದರೂ ಲೆಕ್ಕ ಹೆಚ್ಚುಕಡಿಮೆ ಇಷ್ಟೇ. ದಾರ ಮೇಲೆ ಕೆಳಗೆ ಓಡುವುದರಿಂದ, ಪ್ರತಿ ಪೋಣಿಕೆಯಲ್ಲಿ ತುದಿ ಪೋಲಾಗುವುದರಿಂದ 100 ಮೀಟರಿಗೆ ಕಡಿಮೆ ಇಟ್ಟುಕೊಳ್ಳಬೇಡಿ. ಜೋಡಿ ಎಳೆಯಾದರೆ 200 ಮೀಟರ್. ಒಂದೇ ಬಣ್ಣದ ರೀಲುಗಳನ್ನು ಒಟ್ಟಿಗೇ ತನ್ನಿ, ಆಮೇಲೆ ಅದೇ ಛಾಯೆ ಸಿಗುವುದು ಕಷ್ಟ.

ಕೈಯಲ್ಲಿ ಹೊಲಿದ ಕೌದಿಗೆ ಮೇಳಗಳಲ್ಲಿ ಚೌಕಾಸಿ ಮಾಡುವುದನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ಆ ಹದಿನಾರು ಸಾವಿರ ಟಾಕಿಗಳಲ್ಲಿ ಒಂದೊಂದೂ ಒಬ್ಬ ಹೆಂಗಸಿನ ಬೆರಳಿನಿಂದ ಬಂದದ್ದು. ಕೊಳ್ಳುವುದಾದರೆ ಕೇಳಿದ ಬೆಲೆ ಕೊಟ್ಟು ಕೊಳ್ಳಿ.

ಯಂತ್ರಕ್ಕೆ ಕೂರುವಾಗ

ಕೈಹೊಲಿಗೆಯಲ್ಲಿ ಪದರಗಳ ನಡೆ ಅರ್ಥವಾದ ಮೇಲೆ ಯಂತ್ರ ಸಲೀಸು. ಮೊದಲ ಕೆಲಸಕ್ಕೆ ದಿಂಬಿನ ಕವರ್ ಒಳ್ಳೆಯದು, ಜಿಪ್ಪೂ ಬೇಡ, ಗುಂಡಿಯೂ ಬೇಡ. ದಿಂಬು 17 ಇಂಚಿಗೆ 27 ಇಂಚು ಇದ್ದರೆ 18 ಇಂಚು ಅಗಲ, 62 ಇಂಚು ಉದ್ದದ ಒಂದೇ ಪಟ್ಟಿ ಸಾಕು. ಮುಂದಕ್ಕೆ 27, ಹಿಂದಕ್ಕೆ 27, ದಿಂಬು ಜಾರದಂತೆ ಒಳಕ್ಕೆ ಮಡಚುವ ಕಿಸೆಗೆ 6, ಎರಡು ತುದಿ ಮಡಿಸಿ ಹೊಲಿಯಲು ಒಂದೊಂದು ಇಂಚು. ಅಗಲದಲ್ಲಿ ಹೆಚ್ಚಿಗೆ ಇರುವ ಒಂದಿಂಚು ಎರಡು ಪಕ್ಕದ ಹೊಲಿಗೆಗೆ.

ಸಾಮಾನ್ಯ ಹತ್ತಿಗೆ 14ನೇ ನಂಬರ್ ಸೂಜಿ, ದಪ್ಪ ಪದರಕ್ಕೆ 16. ಇದು ಕೈಸೂಜಿಗೆ ತಿರುಗುಮುರುಗು, ನಂಬರು ಹೆಚ್ಚಾದರೆ ಸೂಜಿ ದಪ್ಪ. ಸೂಜಿಯ ಒಂದು ಬದಿಯಲ್ಲಿ ಉದ್ದ ಗೀರು ಇರುತ್ತದೆ, ದಾರ ಪೋಣಿಸುವುದು ಆ ಕಡೆಯಿಂದ. ಸೂಜಿ ತಿರುಚಿ ಕೂತಿದ್ದರೆ ಹೊಲಿಗೆ ಬಿಟ್ಟು ಬಿಟ್ಟು ಬೀಳುತ್ತದೆ. ಬಟ್ಟೆಯ ಅಡಿಯಲ್ಲಿ ದಾರ ಗೂಡು ಕಟ್ಟಿದರೆ ಎಲ್ಲರೂ ಬಾಬಿನ್ನನ್ನು ಬೈಯುತ್ತಾರೆ. ದೋಷ ಹೆಚ್ಚಾಗಿ ಮೇಲಿನ ದಾರದ್ದು, ಅದು ಟೆನ್ಷನ್ ತಟ್ಟೆಗಳ ನಡುವೆ ಕೂತಿರುವುದಿಲ್ಲ. ಫೂಟ್ ಎತ್ತಿ ಮೊದಲಿಂದ ಪೋಣಿಸಿ. ಕೆಳಗಿನ ದಾರ ಮೇಲ್ಗಡೆ ಚುಕ್ಕಿಚುಕ್ಕಿಯಾಗಿ ಕಂಡರೆ ಮೇಲಿನ ಟೆನ್ಷನ್ ಬಿಗಿಯಾಗಿದೆ.

ಪದರಗಳನ್ನು ಯಂತ್ರದಲ್ಲಿ ಹೊಲಿಯುವಾಗ ಸುಕ್ಕು ಬೀಳುವುದಕ್ಕೂ ಕಾರಣವಿದೆ. ಬಟ್ಟೆಯನ್ನು ಹಿಂದಕ್ಕೆ ತಳ್ಳುವ ಹಲ್ಲುಗಳು ಕೆಳಗೆ ಮಾತ್ರ ಇವೆ. ಅಡಿಪದರ ಮುಂದೆ ಹೋಗುತ್ತದೆ, ಫೂಟಿನ ಒತ್ತಡಕ್ಕೆ ಸಿಕ್ಕ ಮೇಲ್ಪದರ ಹಿಂದುಳಿಯುತ್ತದೆ. ವಾಕಿಂಗ್ ಫೂಟ್ ಎಂಬ ಬಿಡಿಭಾಗದಲ್ಲಿ ಮೇಲೂ ಹಲ್ಲುಗಳಿರುವುದರಿಂದ ಎರಡೂ ಜೊತೆಯಾಗಿ ಸಾಗುತ್ತವೆ. ಅದು ಇಲ್ಲದಿದ್ದರೆ ನಾಲ್ಕು ಬೆರಳಿಗೊಂದು ಪಿನ್ನು, ಉದ್ದನೆಯ ಹೊಲಿಗೆ, ನಿಧಾನದ ಕಾಲು.

ಚೌಕಕ್ಕೆ ಚೌಕ ಜೋಡಿಸುವ ಅಮೆರಿಕದ ಶೈಲಿಗೆ ಆಮೇಲೆ ಹೋಗಿ. ಅಲ್ಲಿ ಕಾಲು ಇಂಚಿನ ಹಟ ಯಾಕೆಂದರೆ ತಪ್ಪು ಕೂಡುತ್ತಾ ಹೋಗುತ್ತದೆ. ಒಂದು ಹೊಲಿಗೆಯಲ್ಲಿ ಹದಿನಾರನೇ ಒಂದು ಇಂಚು ಹೆಚ್ಚು ಹಿಡಿದರೆ ಎರಡೂ ತುಂಡುಗಳಿಂದ ಅಷ್ಟು ಹೋಗಿ ಎಂಟನೇ ಒಂದು ಇಂಚು ಕಮ್ಮಿ. ಒಂಬತ್ತು ಚೌಕದ ಸಾಲಿನಲ್ಲಿ ಎಂಟು ಹೊಲಿಗೆ, ಸಾಲು ಪೂರ್ತಿ ಒಂದು ಇಂಚು ಗಿಡ್ಡ. ಪಕ್ಕದ ಸಾಲು ಸರಿಯಾಗಿದ್ದರೆ ಎರಡೂ ಕೂಡುವುದು ಹೇಗೆ? ಯಂತ್ರದ ತಟ್ಟೆಯ ಮೇಲೆ ಸೂಜಿಯಿಂದ ಕಾಲು ಇಂಚು ಅಳೆದು ಒಂದು ತುಂಡು ಟೇಪು ಅಂಟಿಸಿ, ಬಟ್ಟೆಯ ಅಂಚು ಅದಕ್ಕೆ ತಾಗಿಯೇ ಹೋಗಲಿ.

ಒಗೆತ, ದುರಸ್ತಿ

ಒದ್ದೆಯಾದ ಕೌದಿ ಬಹಳ ತೂಕ. ಹಿಂಡಿ ತಿರುಚಿದರೆ ಹೊಲಿಗೆ ಕಡಿಯುತ್ತದೆ, ಒಂದೇ ತಂತಿಗೆ ನೇತುಹಾಕಿದರೆ ಜಗ್ಗುತ್ತದೆ. ನೀರು ಒತ್ತಿ ತೆಗೆದು, ಎರಡು ಮೂರು ತಂತಿಗಳ ಮೇಲೆ ಅಡ್ಡಡ್ಡ ಹರಡಿ, ಹಿಂಬದಿ ಬಿಸಿಲಿಗೆ ಬರುವಂತೆ ಹಾಕಿ. ಮೇಲಿನ ಬಣ್ಣ ಉಳಿಯುತ್ತದೆ. ಬೆಳಿಗ್ಗೆಯೇ ಒಗೆಯಬೇಕು, ಸಂಜೆಯೊಳಗೆ ಒಳಪದರ ಪೂರ್ತಿ ಒಣಗದಿದ್ದರೆ ಮುಗ್ಗು ವಾಸನೆ ಹಿಡಿಯುತ್ತದೆ. ಮಳೆಗಾಲದಲ್ಲಿ ಬರೀ ಗಾಳಿಗೆ ಹಾಕಿ, ಒಗೆತ ಮುಂದಕ್ಕೆ ಹಾಕಿ.

ಮೊದಲು ಸವೆಯುವುದು ಕುತ್ತಿಗೆಯ ಹತ್ತಿರದ ಅಂಚು ಮತ್ತು ತೀರಾ ಹಳೆಯ ಬಟ್ಟೆಯ ತೇಪೆಗಳು. ಹರಿದ ತೇಪೆಯನ್ನು ಕಿತ್ತು ತೆಗೆಯಬೇಡಿ, ಕಿತ್ತರೆ ಒಳಪದರದ ಹಿಡಿತವೂ ಸಡಿಲಾಗುತ್ತದೆ. ಅದರ ಮೇಲೇ ಅರ್ಧ ಇಂಚು ದೊಡ್ಡದಾದ ಹೊಸ ತೇಪೆ ಇಟ್ಟು, ನಾಲ್ಕೂ ಬದಿ ಮಡಿಸಿ, ಮೊದಲು ಅಂಚಿನ ಸುತ್ತ, ಆಮೇಲೆ ಹಳೆಯ ಸಾಲುಗಳ ದಿಕ್ಕಿನಲ್ಲೇ ಹೊಲಿಯಿರಿ. ಅಂಚು ಸವೆದಿದ್ದರೆ ಎರಡು ಇಂಚು ಅಗಲದ ಉದ್ದ ಪಟ್ಟಿಯೊಂದನ್ನು ಅಂಚಿನ ಮೇಲಿಂದ ಹಿಂದಕ್ಕೆ ಮಡಿಸಿ, ಎರಡೂ ಕಡೆ ಹಿಡಿಯುವಂತೆ ಒಂದು ಸಾಲು ಹೊಲಿದರೆ ಸಾಕು.